ಗಾಳಿ ಹಿಡಿಯುವ ಪರೀಕ್ಷಕರು

ಅಮೆರಿಕದ ಚಳಿ ಪ್ರಾಂತಗಳಲ್ಲಿ ಪರರ ಮನೆಯೊಳಕ್ಕೆ ಬರುವವರನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು: ಮನೆಯಲ್ಲಿ ಏನಿದೆ ಎಂದು ನೋಡುವವರು ಮತ್ತು ಮನೆಯಿಂದ ಏನು ಹೋಗುತ್ತಿದೆ ಎಂದು ನೋಡುವವರು. ಮೊದಲ ವರ್ಗದಲ್ಲಿ ನೆಂಟರು, ನೆರೆಯವರು, ವಿಮೆಯವರು ಮತ್ತು ಕಳ್ಳರು ಸೇರುತ್ತಾರೆ. ಎರಡನೆಯ ವರ್ಗದಲ್ಲಿ ಗೃಹಶಕ್ತಿ ಪರೀಕ್ಷಕರೊಬ್ಬರೇ. ಮನೆಯನ್ನು ಬೆಚ್ಚಗಿಡಲು ಉರಿಸುವ ಅನಿಲ ಅಥವಾ ಎಣ್ಣೆಯ ಶಾಖವು ಯಾವ ಸಂದಿನಿಂದ ಎಷ್ಟು ಸೋರುತ್ತಿದೆ ಎಂಬುದನ್ನು ಉಪಕರಣಗಳಿಂದ ಅಳೆದು, ಸಂದು ಮುಚ್ಚುವ, ಗೋಡೆ ಮತ್ತು ಅಟ್ಟಗಳಿಗೆ ಶಾಖನಿರೋಧಕ ತುಂಬುವ, ಫರ್ನೇಸನ್ನು ಸರಿಪಡಿಸುವ ಕೆಲಸಗಳನ್ನು ಸೂಚಿಸಿ, ಕೆಲಸಗಾರರು ಅವನ್ನು ಮುಗಿಸಿದ ಮೇಲೆ ಮತ್ತೆ ಬಂದು ತಪ್ಪು ಹುಡುಕುವುದು ಇವರ ವೃತ್ತಿಧರ್ಮ. ಈ ಕೆಲಸಗಳನ್ನು ಒಟ್ಟಾಗಿ ಅಲ್ಲಿ ವೆದರೈಸೇಷನ್, ಅಂದರೆ ಮನೆಯನ್ನು ಹವಾಮಾನಕ್ಕೆ ಸಜ್ಜುಗೊಳಿಸುವುದು, ಎನ್ನುತ್ತಾರೆ. ಮೊದಲು ಅಳೆಯುವವರೂ ಕೊನೆಗೆ ಒಪ್ಪಿಗೆಯ ಸಹಿ ಹಾಕುವವರೂ ಅನೇಕ ಕಡೆ ಬೇರೆಬೇರೆ ವ್ಯಕ್ತಿಗಳಾದರೂ, ಇಬ್ಬರ ಸ್ವಭಾವವೂ ಒಂದೇ ಆಗಿರುವುದರಿಂದ ಪ್ರಸ್ತುತ ಅಧ್ಯಯನದಲ್ಲಿ ಅವರನ್ನು ಒಬ್ಬರೆಂದೇ ಪರಿಗಣಿಸಲಾಗಿದೆ.

ಈ ಪ್ರಭೇದದ ಉಗಮವನ್ನು 1973ರ ತೈಲ ನಿರ್ಬಂಧದಲ್ಲಿ ಗುರುತಿಸಬೇಕಾಗುತ್ತದೆ. ಅರಬ್ ರಾಷ್ಟ್ರಗಳು ಎಣ್ಣೆ ಕೊಡಲು ನಿರಾಕರಿಸಿ ಬೆಲೆ ಗಗನಕ್ಕೇರಿದಾಗ, ಬಡವರು ಸಾಲಮಾಡಿ ಉರಿಸಿದ ಎಣ್ಣೆಯಿಂದ ಮನೆಗಿಂತ ಬೀದಿಯೇ ಹೆಚ್ಚು ಬೆಚ್ಚಗಾಗುತ್ತಿದೆ ಎಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದು, ಕಡಿಮೆ ಆದಾಯದವರ ಮನೆಗಳನ್ನು ಉಚಿತವಾಗಿ ಸಜ್ಜುಗೊಳಿಸುವ ವೆದರೈಸೇಷನ್ ಅಸಿಸ್ಟೆನ್ಸ್ ಪ್ರೋಗ್ರಾಂ ಎಂಬ ಯೋಜನೆ 1976ರ ಕಾಯಿದೆಯಿಂದ ಹುಟ್ಟಿಕೊಂಡಿತು. ಆರಂಭದ ವರ್ಷಗಳಲ್ಲಿ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು, ಸಂದುಗಳಿಗೆ ಅಂಟು ಮೆತ್ತಿದರೆ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಸುತ್ತಿಗೆ ಹಿಡಿಯಬಲ್ಲ ಸ್ವಯಂಸೇವಕರು ಸಾಕಾಗಿದ್ದರು. ಆದರೆ ಅದೇ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯ ಮನೆಗಳನ್ನು ಪರೀಕ್ಷಿಸಿ, ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಶಾಖ ಅಟ್ಟದ ಮೂಲಕ ಹೋಗುತ್ತಿದೆಯೆಂದೂ, ಅದಕ್ಕೆ ಕಾರಣ ಗೋಡೆಗಳ ಒಳಗೆ, ಚಿಮಣಿ ಮತ್ತು ಕೊಳವೆಗಳ ಸುತ್ತ ಅಡಗಿರುವ ಗುಪ್ತಮಾರ್ಗಗಳೆಂದೂ ತೋರಿಸಿದರು. ಕಣ್ಣಿಗೆ ಕಾಣುವ ಬಿರುಕನ್ನು ಯಾರು ಬೇಕಾದರೂ ಮುಚ್ಚಬಹುದು. ಕಾಣದ ಬಿರುಕು ಇದೆಯೆಂದು ಸಾಧಿಸುವುದಕ್ಕೆ ಶಾಸ್ತ್ರ ಬೇಕು, ಶಾಸ್ತ್ರವಿದ್ದಲ್ಲಿ ಪಂಡಿತರು ಬೇಕು. ಹೀಗೆ ಪರೀಕ್ಷಕರ ಅವತಾರವಾಯಿತು.

ಲಕ್ಷಣಗಳಿಂದ ಇವರನ್ನು ಗುರುತಿಸುವುದು ಕಷ್ಟವಲ್ಲ. ಮೊಣಕಾಲಿಗೆ ಮೆತ್ತೆ, ಹಣೆಗೆ ದೀಪ, ಕೊರಳಲ್ಲಿ ಧೂಳುಮುಸುಕು ಧರಿಸಿ ಬರುವ ಇವರ ದೃಷ್ಟಿ ಹೊಸ್ತಿಲು ದಾಟಿದೊಡನೆ ಛಾವಣಿಯ ಕಡೆಗೆ ಹೋಗುತ್ತದೆಯೇ ಹೊರತು ಮನೆಯವರ ಮುಖದ ಕಡೆಗಲ್ಲ. ಪರೀಕ್ಷಕರು ಬರುತ್ತಾರೆಂದು ಮನೆಯೊಡತಿ ಎರಡು ದಿನ ಗುಡಿಸಿ ಒರೆಸಿ ಸಿಂಗರಿಸಿಟ್ಟ ನಡುಮನೆಯನ್ನು ಇವರು ದಾಟಿಹೋಗಿ, ಅಟ್ಟದ ಬಾಗಿಲೆಲ್ಲಿ ಎಂದು ಕೇಳುತ್ತಾರೆ. ಆ ಬಾಗಿಲು ಬಹುಮಟ್ಟಿಗೆ ಮಲಗುವ ಕೋಣೆಯ ಬಟ್ಟೆಗೂಡಿನ ನೆತ್ತಿಯ ಮೇಲಿದ್ದು, ಎರಡು ದಿನಗಳಲ್ಲಿ ನಡುಮನೆಯಿಂದ ತೆರವಾದ ಸಮಸ್ತ ವಸ್ತುಗಳೂ ಆ ಗೂಡಿನಲ್ಲಿಯೇ ಆಶ್ರಯ ಪಡೆದಿರುತ್ತವೆ. ಗೋಡೆಯ ಮೇಲಿನ ವಿದ್ಯುತ್ ಸಾಕೆಟ್ಟು ಕಂಡರೆ ಅಂಗೈಯ ಹಿಂಬದಿಯನ್ನು ಅದರ ಮುಂದೆ ಹಿಡಿದು ಕಣ್ಣು ಮುಚ್ಚಿ ನಿಲ್ಲುವುದು ಇವರ ಇನ್ನೊಂದು ಲಕ್ಷಣ. ಮದುವೆಯ ಔತಣಕ್ಕೆ ಹೋದಾಗಲೂ ಈ ಅಭ್ಯಾಸ ಬಿಡದ ಕಾರಣ, ಇವರ ಮನೆಯವರು ಇವರನ್ನು ಗೋಡೆಯಿಂದ ದೂರದ ಮೇಜಿನಲ್ಲಿ ಕೂರಿಸುವುದುಂಟು.

ಇವರ ಪ್ರಧಾನ ಆಯುಧ ಬ್ಲೋವರ್ ಡೋರ್. ಹೆಬ್ಬಾಗಿಲ ಚೌಕಟ್ಟಿಗೆ ಬಿಗಿಯಾಗಿ ಕೂರುವ ಬಟ್ಟೆಯ ತೆರೆ, ಅದರಲ್ಲಿ ಅಳವಡಿಸಿದ ದೊಡ್ಡ ಫ್ಯಾನು ಮತ್ತು ಒತ್ತಡವನ್ನು ಅಳೆಯುವ ಮ್ಯಾನೋಮೀಟರ್ ಸೇರಿದ ಈ ಸಾಧನವು ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆದು, ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ 50 ಪಾಸ್ಕಲ್‌ನಷ್ಟು ಕಡಿಮೆ ಮಾಡುತ್ತದೆ. ಪಾಸ್ಕಲ್ ಎಂಬುದು ಒತ್ತಡದ ಅತಿಸಣ್ಣ ಮಾನ. 50 ಪಾಸ್ಕಲ್ ಎಂದರೆ ಸುಮಾರು 5 ಮಿಲಿಮೀಟರ್ ಎತ್ತರದ ನೀರಿನ ಭಾರವಷ್ಟೇ. ಆದರೂ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದ ಗಾಳಿ ಎಲ್ಲ ದಿಕ್ಕುಗಳಿಂದ ಏಕಕಾಲಕ್ಕೆ ಮನೆಗೆ ಬಡಿದ ಪರಿಣಾಮ ಅದರಿಂದ ಉಂಟಾಗಿ, ಅದುವರೆಗೆ ಗುಟ್ಟಾಗಿದ್ದ ಪ್ರತಿಯೊಂದು ಬಿರುಕೂ ಶಿಳ್ಳೆ ಹೊಡೆಯತೊಡಗುತ್ತದೆ. ಆ ಒತ್ತಡವನ್ನು ಕಾಯ್ದುಕೊಳ್ಳಲು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿಯನ್ನು ಎಳೆಯಬೇಕಾಯಿತೋ ಅದೇ ಆ ಮನೆಯ ಸೋರಿಕೆಯ ಅಂಕ. ಬೆಂಕಿಗೂಡಿನ ಬೂದಿಯನ್ನು ಮೊದಲು ಮುಚ್ಚಬೇಕೆಂಬುದು ಈ ವಿಧಿಯ ಪೂರ್ವಾಂಗ. ಮರೆತವರು ಇಡೀ ಕುಟುಂಬಕ್ಕೆ ಭಸ್ಮಧಾರಣೆ ಮಾಡಿಸಿದ ಪುಣ್ಯಕ್ಕೆ ಭಾಗಿಗಳಾಗುತ್ತಾರೆ. ಫ್ಯಾನು ತಿರುಗುತ್ತಿರುವಾಗ ಇವರು ಹೊಗೆಕಡ್ಡಿಯನ್ನೋ, ತಾಪಮಾನದ ವ್ಯತ್ಯಾಸವನ್ನು ಬಣ್ಣಗಳಲ್ಲಿ ತೋರುವ ಅವಕೆಂಪು ಕ್ಯಾಮೆರಾವನ್ನೋ ಹಿಡಿದು ಕೋಣೆಕೋಣೆಗೆ ಸುತ್ತುವುದನ್ನು ಕಂಡ ಹಿರಿಯರು ಮನೆಗೆ ಏನೋ ಶಾಂತಿ ಮಾಡಿಸುತ್ತಿದ್ದಾರೆಂದು ಭಾವಿಸಿದರೆ ಅವರನ್ನು ದೂಷಿಸಲಾಗದು.

ಮನೆಯವರಿಗೂ ಪರೀಕ್ಷಕರಿಗೂ ನಡೆಯುವ ತಾತ್ತ್ವಿಕ ಸಂಘರ್ಷದ ಕೇಂದ್ರ ಕಿಟಕಿ. ಮನೆಯವರು ಹೊಸ ಕಿಟಕಿ ಬೇಕೆನ್ನುತ್ತಾರೆ, ಪರೀಕ್ಷಕರು ಅಟ್ಟ ಎನ್ನುತ್ತಾರೆ. ಬೆಚ್ಚನೆಯ ಗಾಳಿ ಹಗುರಾಗಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಬೀಳುತ್ತದೆ, ಆ ಜಾಗವನ್ನು ತುಂಬಲು ನೆಲಮಾಳಿಗೆಯ ಬಿರುಕುಗಳಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಸ್ಟ್ಯಾಕ್ ಎಫೆಕ್ಟ್ ಎಂದು ಕರೆಯಲಾಗುವ ಈ ಕ್ರಿಯೆಯಿಂದಾಗಿ ಇಡೀ ಮನೆಯೇ ಚಿಮಣಿಯಂತೆ ವರ್ತಿಸುತ್ತದೆ. ಶಾಖದ ಹರಿವನ್ನು ಒಂದು ವಸ್ತು ಎಷ್ಟು ತಡೆಯುತ್ತದೆ ಎಂಬುದನ್ನು ಆರ್-ಮೌಲ್ಯವೆಂಬ ಅಂಕದಿಂದ ಹೇಳುವುದು ರೂಢಿ: ಒಂಟಿ ಗಾಜಿಗೆ ಅದು ಸುಮಾರು 1, ಜೋಡಿ ಗಾಜಿಗೆ ಸುಮಾರು 2, ಅಟ್ಟದಲ್ಲಿ ಒಂದು ಅಡಿ ದಪ್ಪಕ್ಕೆ ಸೆಲ್ಯುಲೋಸ್ ಹರಡಿದರೆ 40ನ್ನು ದಾಟುತ್ತದೆ. ಈ ಲೆಕ್ಕಕ್ಕೆ ಉತ್ತರವಿಲ್ಲ. ಆದರೆ ಬಂದ ಅತಿಥಿಗಳಿಗೆ ಕಿಟಕಿಯನ್ನು ತೋರಿಸಬಹುದು, ಅಟ್ಟಕ್ಕೆ ಹತ್ತಿಸಲಾಗುವುದಿಲ್ಲ ಎಂಬ ಮನೆಯವರ ಮೌನವಾದಕ್ಕೂ ಉತ್ತರವಿಲ್ಲ. ಇನ್ನು ಸೆಲ್ಯುಲೋಸ್ ಎಂಬುದು ಹಳೆಯ ವೃತ್ತಪತ್ರಿಕೆಗಳನ್ನು ಪುಡಿಮಾಡಿ, ಬೆಂಕಿ ಹತ್ತದಂತೆ ಬೋರಾನ್ ಲವಣ ಬೆರೆಸಿ ತಯಾರಿಸುವ ವಸ್ತು. ಓದುಗರ ಮನಸ್ಸನ್ನು ಮುಟ್ಟದೆ ಹೋದ ಎಷ್ಟೋ ಸಂಪಾದಕೀಯಗಳು ಅವರ ಮೈಯನ್ನಾದರೂ ಬೆಚ್ಚಗಿಡುವ ಭಾಗ್ಯವನ್ನು ಹೀಗೆ ಪಡೆಯುತ್ತವೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬದವರು ಹಣ ತೆತ್ತು ಕರೆಸಿಕೊಂಡಾಗ ಪರೀಕ್ಷಕರ ಶಾಸ್ತ್ರಕ್ಕೆ ವಿಶೇಷ ಪರೀಕ್ಷೆ ಒದಗುತ್ತದೆ. ಅಲ್ಲಿನ ಅನೇಕ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಸೋಸಿ ಮತ್ತೆ ಮನೆಯೊಳಕ್ಕೇ ಬಿಡುವಂಥದಾದ್ದರಿಂದ, ಮೆಣಸಿನಕಾಯಿಯ ಒಗ್ಗರಣೆ ಬಿದ್ದೊಡನೆ ಜನವರಿಯ ಹಿಮದಲ್ಲಿಯೂ ಕಿಟಕಿ ತೆರೆಯುವುದು ಆ ಮನೆಗಳ ಪದ್ಧತಿ. ತಾವು ಕೂದಲೆಳೆಯ ಸಂದು ಹುಡುಕುತ್ತಿರುವಾಗ ಮನೆಯವರು ಮೂರಡಿ ಕಿಟಕಿಯನ್ನು ತೆರೆದಿಟ್ಟಿರುವುದನ್ನು ಕಂಡು ಪರೀಕ್ಷಕರು ಕೆಮ್ಮುತ್ತಾರೆ. ಆ ಕೆಮ್ಮಿಗೆ ಶೋಕವೆಷ್ಟು ಕಾರಣ, ಒಗ್ಗರಣೆಯೆಷ್ಟು ಕಾರಣ ಎಂಬುದನ್ನು ಬೇರ್ಪಡಿಸಿ ಅಳೆಯುವ ಉಪಕರಣ ಅವರ ಪೆಟ್ಟಿಗೆಯಲ್ಲಿಲ್ಲ. ನಡುವಿನ ಅಂಗಳ ಆಕಾಶಕ್ಕೇ ತೆರೆದಿರುವ ತೊಟ್ಟಿಮನೆಯಲ್ಲಿ ಬೆಳೆದ ಅಜ್ಜಿಯೊಬ್ಬರು ಆ ಮನೆಯಲ್ಲಿದ್ದರೆ, ಗಾಳಿ ಬರಲೆಂದು ಮನೆ ಕಟ್ಟುವುದೋ ಬಾರದಿರಲೆಂದೋ ಎಂದು ಕೇಳಿ ಇಡೀ ವೃತ್ತಿಯ ತಳಹದಿಯನ್ನೇ ಅಲುಗಿಸಬಲ್ಲರು.

ಪರೀಕ್ಷಕರ ನಿಜವಾದ ದುರದೃಷ್ಟವೆಂದರೆ ಇವರ ಸಾಧನೆಯೆಲ್ಲ ಅಭಾವರೂಪದ್ದು. ಒಂದು ಕಾಮಗಾರಿಗೆ ಯೋಜನೆಯ ಹಣ ಖರ್ಚಾಗಬೇಕಾದರೆ, ಅದರ ಆಯುಷ್ಯದಲ್ಲಿ ಉಳಿಯುವ ಇಂಧನದ ಬೆಲೆ ಅದಕ್ಕೆ ತಗಲುವ ವೆಚ್ಚಕ್ಕಿಂತ ಕಡಿಮೆಯಿರಬಾರದೆಂಬ ನಿಯಮವಿದ್ದು, ಉಳಿತಾಯ ಮತ್ತು ಹೂಡಿಕೆಯ ಆ ಅನುಪಾತ 1 ಆದರೂ ಆಗಿರಬೇಕು. ಇವರು ರಾತ್ರಿಯೆಲ್ಲ ಕೂತು ಆ ಗಣಿತ ಸಾಧಿಸಿ, ಮನೆಯ ಬಿಲ್ಲು ಇಳಿಯಿತೆಂದು ತೋರಿಸಿದರೆ, ಮನೆಯವರು ಈ ವರ್ಷ ಚಳಿಯೇ ಕಡಿಮೆಯಿತ್ತು ಎನ್ನುತ್ತಾರೆ. ಫರ್ನೇಸಿನ ಹೊಗೆ ಹಿಮ್ಮೆಟ್ಟಿ, ಬಣ್ಣವೂ ವಾಸನೆಯೂ ಇಲ್ಲದ ವಿಷವಾದ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಸೇರುತ್ತಿದ್ದುದನ್ನು ಇವರು ಪತ್ತೆಹಚ್ಚಿ ತಡೆದರೆ, ಆಗದೆ ಹೋದ ಅನಾಹುತಕ್ಕೆ ಯಾರೂ ಹೂಮಾಲೆ ತರುವುದಿಲ್ಲ. ಎರಡು ದಿನ ಫರ್ನೇಸ್ ನಿಂತದ್ದಕ್ಕೆ ದೂರು ಮಾತ್ರ ತಪ್ಪದೆ ಬರುತ್ತದೆ.

ಕಟ್ಟಕಡೆಯ ಅಗ್ನಿಪರೀಕ್ಷೆ ವಾತಾಯನದ್ದು. ಸಂದುಗಳೆಲ್ಲ ಮುಚ್ಚಿದ ಮನೆಯಲ್ಲಿ ತೇವ ಮತ್ತು ಕೆಟ್ಟಗಾಳಿ ನಿಲ್ಲುವುದರಿಂದ, ಎಂಜಿನಿಯರುಗಳ ಸಂಘವಾದ ಆಶ್ರೇ ರೂಪಿಸಿದ 62.2 ಎಂಬ ಮಾನದಂಡದ ಪ್ರಕಾರ ಮನೆಯ ವಿಸ್ತೀರ್ಣ ಮತ್ತು ಮಲಗುವ ಕೋಣೆಗಳ ಲೆಕ್ಕಕ್ಕೆ ತಕ್ಕಷ್ಟು ಗಾಳಿಯಾಡಿಸಬೇಕಾಗುತ್ತದೆ. ಅದಕ್ಕಾಗಿ ಬಚ್ಚಲಿನಿಂದ ಹೊರಗೋಡೆಗೆ ಹೊಸದಾಗಿ ರಂಧ್ರ ಕೊರೆದು, ಸದಾ ತಿರುಗುವ ಫ್ಯಾನೊಂದನ್ನು ಕೂರಿಸಬೇಕೆಂದು ಪರೀಕ್ಷಕರೇ ಬರೆಯುತ್ತಾರೆ. ಇಡೀ ವಾರ ಸರ್ಕಾರದ ಖರ್ಚಿನಲ್ಲಿ ತೂತು ಮುಚ್ಚಿಸಿದವರು ಈಗ ಅದೇ ಖರ್ಚಿನಲ್ಲಿ ತೂತು ಕೊರೆಸುವುದನ್ನು ಮನೆಯ ಯಜಮಾನರು ತೆರೆದ ಬಾಯಿ ಮುಚ್ಚದೆ ನೋಡುತ್ತಾರೆ. ಮೊದಲಿನವು ತಾವಾಗಿ ಆದ, ಅಳತೆಯಿಲ್ಲದ, ಇಲಿಗಳ ಓಡಾಟದ ಸಂದುಗಳೆಂದೂ, ಇದು ಶಾಸ್ತ್ರೋಕ್ತವಾದ, ಅಳೆದು ಕೊರೆದ ರಂಧ್ರವೆಂದೂ ಪರೀಕ್ಷಕರು ವಿವರಿಸುತ್ತಾರೆ. ಯಜಮಾನರು ತಲೆಯಾಡಿಸಿ ಎಲ್ಲವನ್ನೂ ಒಪ್ಪಿ, ಕೆಲಸಗಾರರ ಗಾಡಿ ತಿರುವು ದಾಟಿದ ಕೂಡಲೇ ಏಣಿ ಹತ್ತಿ, ಆ ಫ್ಯಾನಿನ ಬಾಯಿಗೆ ನಾಲ್ಕು ಸುತ್ತು ಟೇಪು ಅಂಟಿಸುತ್ತಾರೆ. ಗಾಳಿ ಎಲ್ಲಿ ಕಂಡರೂ ಬಿಡದೆ ಮುಚ್ಚಬೇಕೆಂಬ ಉಪದೇಶವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಶಿಷ್ಯ ಇಡೀ ವೃತ್ತಿಜೀವನದಲ್ಲಿ ದೊರೆಯುವುದು ಅಪರೂಪವಾದರೂ, ಗುರುಭಕ್ತಿಯನ್ನು ದಾಖಲಿಸಲು ನಮೂನೆಯಲ್ಲಿ ಅಂಕಣವಿಲ್ಲವಾದ್ದರಿಂದ, ಅಂತಿಮ ತಪಾಸಣೆಗೆ ಬಂದ ಪರೀಕ್ಷಕರು ಗಾಳಿಯ ಹರಿವು ಸೊನ್ನೆ ಎಂದು ಬರೆದುಕೊಂಡು ಏಣಿ ತರಿಸುತ್ತಾರೆ.