ರಾಜಿ ಕಾಕಾ ಮತ್ತು ಗೌಡಸಾನಿ

ಬಂಕಾಪುರದಲ್ಲಿ ಅಣ್ಣ-ತಮ್ಮ ಹೊಲದ ಬದುವಿಗೆ ಬಡಿದಾಡಲಿ, ಅತ್ತೆ-ಸೊಸೆ ಒಲೆ ಬೇರೆ ಮಾಡಲಿ, ನಮ್ಮ ಓಣಿಯವರಿಗೆ ಮೊದಲು ನೆನಪಾಗುವುದು ವಕೀಲರಲ್ಲ, ರಾಜಿ ಕಾಕಾ. ಬೇರೆ ಹೆಸರೂ ಒಂದಿದೆ, ಅದು ರೇಶನ್ ಕಾರ್ಡಿಗೆ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಕರೆದರೆ ಅರ್ಧ ತಾಸು ತಡಮಾಡಿ ಬರುತ್ತಾರೆ. ಕರೆಯದಿದ್ದರೆ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ. ಎರಡು ತಿಂಗಳು ಓಣಿಯಲ್ಲಿ ಜಗಳವಾಗದಿದ್ದರೆ ಕಾಕಾನ ಮುಖ ಮಳೆ ಕಾಣದ ಹತ್ತಿ ಗಿಡದಂತೆ ಬಾಡುತ್ತದೆ.

ಅವರ ಪದ್ಧತಿ ಒಂದೇ: ಒಂದು ಚಾಪೆ, ಒಂದು ಕಿಟ್ಲಿ ಚಹಾ, ಎರಡೂ ಪಾರ್ಟಿ ಎದುರುಬದುರು. "ಮಾರಿ ಮಾರಿ ನೋಡಿದ್ರ ಅರ್ಧ ಜಗಳ ಅಲ್ಲೇ ಸಾಯ್ತೈತಿ" ಎನ್ನುತ್ತಾರೆ. ಉಳಿದರ್ಧವನ್ನು ಭಾಷಣದಿಂದ ಕೊಲ್ಲುತ್ತಾರೆ. ಭಾಷಣ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನಿಂದ ಶುರುವಾಗಿ, ಕೋಟೆಯೊಳಗಿನ ನಗರೇಶ್ವರ ಗುಡಿಗೆ ಬರುತ್ತದೆ. "ಅರವತ್ತು ಕಂಬ ಕೂಡಿ ಒಂದ ಮಾಳಿಗಿ ಹೊತ್ತಾವು. ನೀವಿಬ್ರು ಕೂಡಿ ಒಂದ ಬಾವಿ ಮೋಟರ್ ನಡಸಾಕ ಆಗೂದಿಲ್ಲ?" ಅದಕ್ಕೂ ಬಗ್ಗದಿದ್ದರೆ ಕೊನೆಯ ಬಾಣ: "ಇಲ್ಲೇ ಬಾಡದಾಗ ಹುಟ್ಟಿದ ಕನಕ ಕತ್ತಿ ಕೆಳಗಿಟ್ಟು ದಾಸ ಆದ. ನಿನಗ ಒಂದು ಕುಡಗೋಲು ಕೆಳಗಿಡಾಕ ಆಗವಲ್ದು!" ಇಷ್ಟು ಹೊತ್ತಿಗೆ ಎರಡೂ ಪಾರ್ಟಿಗೆ ಹಸಿವಾಗಿ ರಾಜಿಯಾಗುತ್ತದೆ.

ಕಾಕಾನ ಮನೆಯಲ್ಲಿ ಒಂಬತ್ತು ವರ್ಷದ ಮೂರು ಬಣ್ಣದ ಬೆಕ್ಕೊಂದಿದೆ. ಹೆಸರು ಗೌಡಸಾನಿ. ಪಡಸಾಲೆಯ ಕಂಬದ ಬುಡ, ಕಾಕಾನ ಆರಾಮ ಕುರ್ಚಿ, ಅಡುಗೆಮನೆಯ ಹೊಸ್ತಿಲು ಇವೆಲ್ಲ ಅವಳ ವಹಿವಾಟಿನ ಜಾಗ. ಕಳೆದ ಶ್ರಾವಣದಲ್ಲಿ ಮೊಮ್ಮಗಳು ಬಣವೆಯ ಸಂದಿಯಲ್ಲಿ ಸಿಕ್ಕ ಎರಡು ತಬ್ಬಲಿ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಳು. "ಅಜ್ಜಾ, ಗೌಡಸಾನಿ ಬಡೀತಾಳೇನು?"

"ಇದೇನ್ ದೊಡ್ಡ ಮಾತಲೇ ತಂಗಿ" ಎಂದು ಕಾಕಾ ಚಾಪೆ ಹಾಸಿಸಿದರು. ಚಹಾದ ಬದಲು ನಡುವೆ ಒಂದು ತಾಟು ಹಾಲು. ಸುದ್ದಿ ತಿಳಿದು ನಾವು ಏಳೆಂಟು ಮಂದಿ ಕಟ್ಟೆಯ ಮೇಲೆ ಜಮಾಯಿಸಿದ್ದೆವು. ಬೆಕ್ಕುಗಳ ಬೆಣ್ಣೆ ಹಂಚಲು ಕೂತ ಮಂಗನ ಕಥೆ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡಲಿಲ್ಲ. ಕಾಕಾ ಗೌಡಸಾನಿಯನ್ನು ಎತ್ತಿ ತಂದು ಮರಿಗಳ ಮುಂದೆ ಕೂರಿಸಿ, ರೂಢಿಯಂತೆ "ನೋಡವಾ, ಅರವತ್ತು ಕಂಬ..." ಎಂದರು. ಎರಡನೇ ಕಂಬಕ್ಕೆ ಬರುವಷ್ಟರಲ್ಲಿ ಗೌಡಸಾನಿಯ ಬಾಲ ಕಸಬರಿಗೆಯಾಯಿತು. ಬುಸ್ ಎಂದವಳೇ ತಾಟು ಕೆಡವಿ, ಕಾಕಾನ ಮುಂಗೈ ಮೇಲೆ ಮೂರು ಗೆರೆ ಎಳೆದು, ಅವರ ಟೊಪ್ಪಿಗೆಯನ್ನೇ ಮೆಟ್ಟಿಲು ಮಾಡಿಕೊಂಡು ಅಟ್ಟಕ್ಕೆ ಹಾರಿದಳು. ಮರಿಗಳು ಕಪಾಟಿನ ಕೆಳಗೆ. ಕಾಕಾ ಧನುರ್ವಾಯು ಇಂಜೆಕ್ಷನ್ನಿಗೆ. ಮರುದಿನದ ಎರಡನೇ ವಾಯಿದೆಗೂ ಅದೇ ಗತಿ.

ಮೂರನೆಯ ದಿನ ಕಾಕಾನ ಹೆಂಡತಿ ಕಾಕು ತಾನೇ ದನದ ದವಾಖಾನೆಗೆ ಮರಿಗಳನ್ನು ಒಯ್ದಳು. ಹೇನು, ಜಂತು ನೋಡಿ ಔಷಧ ಕೊಟ್ಟ ಡಾಕ್ಟರು, ಹಿಂದೆಯೇ ಬಂದಿದ್ದ ಕಾಕಾನ ಕೈಯನ್ನೂ ನೋಡಿ ನಕ್ಕರಂತೆ. "ಬೆಕ್ಕು ಮಾರಿ ನೋಡಿ ನಂಬೂದಿಲ್ರಿ ಕಾಕಾ, ಮೂಗಿನಿಂದ ನಂಬತೈತಿ. ಎದುರಾ ಎದುರು ಕೂಡ್ರಿಸಿ ದಿಟ್ಟಿಸಿ ನೋಡಾಕ ಹಚ್ಚಿದ್ರ ಅದು ಕಾಲ ಕೆದರಿ ಜಗಳಕ್ಕ ಕರದಂಗ. ಬುಸ್ ಅನ್ನೂದೂ ಸಿಟ್ಟಿಗಲ್ಲ, ಅಂಜಿ, 'ದೂರ ಇರ್ರಿ' ಅಂತ." ಆರು ಅಂಕಣದ ಮನೆಯಲ್ಲಿ ಒಂದು ಹಿಡಿ ಮರಿಗೆ ಜಾಗವಿಲ್ಲವೇ ಎಂದು ಕಾಕಾ ವಾದ ಹೂಡಿದರು. "ನಮ್ಮ ಕೋಟಿಯೊಳಗ 139 ಎಕರೆ ನವಿಲುಧಾಮ ಐತ್ರಿ. ಅಲ್ಲೂ ಗಂಡು ನವಿಲು ಈ ಜಾಗ ನಂದು ಅಂತ ಒಂದನ್ನೊಂದು ಓಡಸ್ತಾವು" ಎಂದರಂತೆ ಡಾಕ್ಟರು.

ಆಮೇಲೆ ನಡೆದದ್ದೆಲ್ಲ ಕಾಕುವಿನ ಕಾರಭಾರ. ಮರಿಗಳು ಕಾಳಿನ ಕೋಣೆಗೆ ಹೋದವು, ಬಾಗಿಲು ಮುಚ್ಚಿತು. ಅವು ಮಲಗಿದ ಕೌದಿಯ ತುಂಡು ಗೌಡಸಾನಿಯ ಹಾಸಿಗೆಗೆ, ಗೌಡಸಾನಿಯದು ಮರಿಗಳಿಗೆ. ಮೊದಲ ದಿನ ಅವಳು ಮೂಸಿ, ಬುಸುಗುಟ್ಟಿ, ಆ ತುಂಡನ್ನು ಒದ್ದು ಕೆಳಗೆ ಹಾಕಿದಳು. ಮೂರನೆಯ ದಿನ ಅಂಚಿಗೆ ಮಲಗಿದಳು. ಐದನೆಯ ದಿನ ಅದರ ನಟ್ಟನಡುವೆ. ಬಾಗಿಲಿನ ಆಚೆಗೊಂದು ಈಚೆಗೊಂದು ತಟ್ಟೆ, ದಿನಾ ಒಂದೊಂದು ಗೇಣು ಹತ್ತಿರ. ಅನ್ನ ಮೊದಲು ಗೌಡಸಾನಿಗೆ, ಮುದ್ದೂ ಮೊದಲು ಅವಳಿಗೇ, ಹಿರಿಯಳಲ್ಲವೇ. ಹತ್ತು ದಿನದ ಮೇಲೆ ಬಾಗಿಲು ನಾಲ್ಕು ಬೆರಳು ತೆರೆದು ಇಟ್ಟಂಗಿ ಅಡ್ಡ ಇಟ್ಟಳು. ನಡುನಡುವೆ "ಇನ್ನ ಒಮ್ಮೆ ಚಾಪಿ ಹಾಸಲೇನು?" ಎಂದು ಬಂದ ಕಾಕಾನನ್ನು ಜೋಳದ ಹಿಟ್ಟು ಬೀಸಿಸಿಕೊಂಡು ಬರಲು ಗಿರಣಿಗೆ ಅಟ್ಟಿದಳು.

ಹದಿನೇಳನೆಯ ದಿನ ಕಾಕಾ ಯಾರದೋ ಗೋಡೆಯ ತಂಟೆಗೆ ಶಿಗ್ಗಾವಿಗೆ ಹೋಗಿದ್ದರು. ಕಾಕು ಇಟ್ಟಂಗಿ ಸರಿಸಿದಳು. ಸಣ್ಣ ಮರಿ ಬಂದು ಗೌಡಸಾನಿಯ ಬಾಲದ ಜೊತೆ ಆಟಕ್ಕಿಳಿಯಿತು. ಅವಳು ಉಗುರು ಒಳಗಿಟ್ಟುಕೊಂಡು ಒಂದೇ ಒಂದು ಕೊಟ್ಟಳು. ಮರಿ ಉರುಳಿ ಬಿದ್ದು ಮತ್ತೆ ಬಂತು. ಅದರ ತಲೆಯನ್ನು ಕಾಲಡಿ ಒತ್ತಿ ಹಿಡಿದು ನೆಕ್ಕತೊಡಗಿದಳು, ನೆಂಟರ ಕೂಸಿನ ಮೂಗು ಒರೆಸುವ ಹೆಂಗಸಿನ ಹಾಗೆ, ಪ್ರೀತಿಗಿಂತ ಹೊಲಸು ಕಾಣಲಾರದೆ.

ಸಂಜೆ ಬಂದ ಕಾಕಾ ಮೂರೂ ಸೇರಿ ತಮ್ಮ ಆರಾಮ ಕುರ್ಚಿಯಲ್ಲಿ ಮಲಗಿದ್ದನ್ನು ಕಂಡು ಬಾಗಿಲಲ್ಲೇ ನಿಂತರು. "ನಾ ಇಲ್ಲದಾಗ ಹೆಂಗ ಆತಿದು?"

"ನೀವು ಇರಲಿಲ್ಲಲ್ರೀ, ಅದಕ್ಕ ಆತು."

ಎರಡು ದಿನ ಕಾಕಾ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಕೆಳಗಿನ ಓಣಿಯ ಅಣ್ಣ-ತಮ್ಮ ಬಾವಿಯ ಪಾಳಿಗೆ ಕಿತ್ತಾಡಿಕೊಂಡು ಬಂದರು. ಕುರ್ಚಿ ಖಾಲಿ ಇರಲಿಲ್ಲವಾಗಿ ಕಾಕಾ ಕಟ್ಟೆಯ ಮೇಲೆಯೇ ಕೂತರು. ಚಾಪೆ ತರಿಸಲಿಲ್ಲ. ಬಂಕೇಯನನ್ನೂ ಕರೆಯಲಿಲ್ಲ. ಗಂಟಲು ಸರಿಮಾಡಿಕೊಂಡು, "ಹದಿನೇಳು ದಿನ ಒಬ್ರ ಮಾರಿ ಒಬ್ರು ನೋಡಬ್ಯಾಡ್ರಿ. ಅವನ ಕೌದಿ ನೀ ಹೊದಕೋ, ನಿನ್ನ ಕೌದಿ ಅಂವ ಹೊದಕೊಳ್ಳಿ" ಎಂದರು.

ಅಣ್ಣ-ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಕಿರಿಯವನು ಹೇಳಿದ: "ಕಾಕಾ, ನೀರಿನ ಪಾಳಿ ಬೇಕಾದ್ರ ಅಂವನ ಇಟ್ಕೊಳ್ಳಿ. ಅವನ ಕೌದಿ ಮಾತ್ರ ಬ್ಯಾಡ್ರಿ, ಭಾಳ ಬೀಡಿ ಸೇದ್ತಾನ."