ಚಂದ್ರಂಕಿ ಯಾರ ಮನೇಲಿದೆ?

ಪಕ್ಕದ ಮನೆ ಹುಡುಗ ಬೆಂಗಳೂರಿನ ಕಂಪನಿ ಕೆಲಸವನ್ನು ಮರಳವಾಡಿಯಲ್ಲಿ ಕೂತೇ ಮಾಡುತ್ತಾನೆ. ಶನಿವಾರ, ಭಾನುವಾರ ರಜ. ಇರಲಾರದೆ ಇರುವೆ ಬಿಟ್ಕೊಂಡ ಅನ್ನೋ ಹಾಗೆ ಈಗ ಅವನಿಗೊಂದು ವೆಬ್‌ಸೈಟ್ ಕಟ್ಟುವ ಹುಚ್ಚು ಹತ್ತಿದೆ. ಹೋಬಳಿಯವರು ಒಬ್ಬರ ಸಾಮಾನು ಒಬ್ಬರು ಎರವಲು ಪಡೆಯಬೇಕಂತೆ: ಏಣಿ, ಡ್ರಿಲ್ಲಿಂಗ್ ಮಿಷನ್ನು, ಔಷಧಿ ಹೊಡೆಯೋ ಪಂಪು, ದೇವರ ಕಾರ್ಯಕ್ಕೆ ದೊಡ್ಡ ತಪ್ಪಲೆ. ಬೇಲಿಯ ಕಲ್ಲುಕಂಬದ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಮಾವ, ನಿಮ್ಮಿಂದಲೇ ಬೋಣಿ. ನೋಂದಣಿ ಮಾಡ್ಕೊಳ್ಳಿ" ಅಂದ.

ಮಾಡಿಕೊಳ್ಳೋಣ ಅಂದರೆ ಮೊದಲ ಪುಟದಲ್ಲೇ ತಾಲೂಕು, ಜಿಲ್ಲೆ ಕೇಳಿತು. ಯಾವ ಜಿಲ್ಲೆ ಹಾಕಲಿ? ಇವನ ಅಜ್ಜಿ ಸೊಸೆಯಾಗಿ ಬಂದಾಗ ಇದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಆಯ್ತು. 2007ರಲ್ಲಿ ರಾಮನಗರ. 2025ರಲ್ಲಿ ಬೆಂಗಳೂರು ದಕ್ಷಿಣ. ಕನಕಪುರ ತಾಲೂಕು ಹೋಗಿ ಹಾರೋಹಳ್ಳಿ ಬಂತು. ಅಜ್ಜಿ ಮಾತ್ರ ಹೊಸ್ತಿಲು ಬದಲಿಸಿಲ್ಲ. ಇವನ ಪಟ್ಟಿಯಲ್ಲಿ ಅರ್ಧ ಹೆಸರು ಇದೆ, ಅರ್ಧ ಇಲ್ಲ. "ಜಿಲ್ಲೆ ಕಟ್ಟಿಕೊಂಡು ಏನ್ ಮಾಡ್ತೀಯೋ? ಏಣಿ ಕೇಳೋಕೆ ಯಾರು ಜಿಲ್ಲೆ ದಾಟಿ ಬರ್ತಾರೆ? ಯಾವೂರು, ಯಾವ ಬೀದಿ, ಏನರ ಪಕ್ಕ, ಫೋನ್ ನಂಬರು. ಇಷ್ಟು ಸಾಕು" ಅಂದೆ. ಅಳಿಸಿದ.

ಮುಂದಿನ ಪುಟದಲ್ಲಿ 'ನಿಮ್ಮಲ್ಲಿರುವ ವಸ್ತುಗಳನ್ನು ಸೇರಿಸಿ' ಅಂತ ಇತ್ತು. ಇದು ನಡೆಯೋ ಮಾತಲ್ಲ. ನಮ್ಮನೇಲಿ ಇಂತಿಂಥದ್ದು ಇದೆ ಅಂತ ತಾವೇ ಡಂಗುರ ಹೊಡೆಯೋರು ಯಾರಿದ್ದಾರೆ? ಕಳ್ಳನಿಗೂ ಕಾಣುತ್ತೆ, ಕಣ್ಣು ಹಾಕೋರಿಗೂ ಕಾಣುತ್ತೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2012ರಲ್ಲಿ ಶುರುವಾದ ಪೀರ್‌ಬಿ ಅನ್ನೋ ತಾಣ ಇದನ್ನೇ ತಿರುಗಿಸಿ ಹಾಕಿತು. ಇರೋರು ಹೇಳಬೇಕಿಲ್ಲ, ಬೇಕಾದವರು ಕೇಳಬೇಕು. ಕೇಳಿದ್ದು ಅಕ್ಕಪಕ್ಕದವರ ಫೋನಿಗೆ ಹೋಗುತ್ತೆ. ಇದ್ದವರು, ಮನಸ್ಸಿದ್ದವರು ಓಗೊಡುತ್ತಾರೆ. ಇಲ್ಲದಿದ್ದರೆ ಸುಮ್ಮನಿರುತ್ತಾರೆ, ಮುಖ ಕೊಟ್ಟು 'ಇಲ್ಲ' ಅನ್ನೋ ಕಷ್ಟ ಇಲ್ಲ. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಪಂಪಿಪಂಪೆ ಅಂತ ಒಂದು ಬಂತು. ಅಲ್ಲಿ ಎರವಲು ಕೊಡೋ ಸಾಮಾನಿನ ಚಿತ್ರದ ಸ್ಟಿಕ್ಕರುಗಳನ್ನು ಮನೆ ಮುಂದಿನ ಟಪಾಲು ಡಬ್ಬಿಗೆ ಅಂಟಿಸುತ್ತಾರೆ. ನಮಗೆ ಸ್ಟಿಕ್ಕರೂ ಬೇಕಿಲ್ಲ. ಏಣಿ ಗೋಡೆಗೆ ಒರಗಿರುತ್ತೆ, ಪಂಪು ಜಗಲಿ ಮೇಲಿರುತ್ತೆ, ಊರಿಗೆಲ್ಲ ಗೊತ್ತು.

ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಚೀಲ ಹಿಡಿದು ಬಂದರು. "ಅದ್ರೊಳಗೆ ಚಂದ್ರಂಕಿ ಹಾಕಿದ್ದೀಯೇನ್ಲಾ ಮಗಾ?"

ಹಾಕಿರಲಿಲ್ಲ. ರೇಷ್ಮೆ ಹುಳದ ಮನೇಲಿ ಹುಟ್ಟಿದವನು ಟೆಂಟು, ಕ್ಯಾಮೆರಾ, ಗಿಟಾರು ಎಲ್ಲ ಹಾಕಿದ್ದಾನೆ, ಚಂದ್ರಂಕಿ ಮರೆತಿದ್ದಾನೆ!

ಈ ಸೀಮೆಯಲ್ಲಿ ಮನೆಯಿಂದ ಮನೆಗೆ ಅತಿ ಹೆಚ್ಚು ತಿರುಗೋ ಸಾಮಾನು ಅಂದರೆ ಅದೇ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ಚಾಪೆ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಬಿದಿರಿನ ಪಟ್ಟಿ. ಒಂದರಲ್ಲಿ ಸಾವಿರದಷ್ಟು ಹುಳ ಗೂಡು ಕಟ್ಟುತ್ತೆ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆಯ ಹುಳ, ಮೇಯಿಸಿದವನಿಗೆ ನಲವತ್ತೋ ಐವತ್ತೋ ಬೇಕು. ಬೇಕಾಗೋದು ಬೆಳೆಗೆ ಐದಾರು ದಿನ ಮಾತ್ರ, ಮಿಕ್ಕ ದಿನ ಸೂರಿನಡಿ ಧೂಳು ಹಿಡಿಯುತ್ತೆ. ಅದಕ್ಕೇ ಎಲ್ಲರೂ ಅಷ್ಟೂ ಕೊಳ್ಳೋದಿಲ್ಲ, ಕೆಲವನ್ನು ಈಸ್ಕೊಂಡು, ಕೆಲವನ್ನು ಬಾಡಿಗೆಗೆ ತಂದು ಸುಧಾರಿಸ್ತಾರೆ. ಆದರೆ ಹುಳ ಯಾರ ಮಾತೂ ಕೇಳೋದಿಲ್ಲ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು, ಕಳೆದು, ವಾರ ಹಗಲೂ ರಾತ್ರಿ ಸೊಪ್ಪು ತಿಂದು, ಒಂದು ಬೆಳಗ್ಗೆ ಬಾಯಿ ಕಟ್ಟಿಕೊಂಡು, ಮೈ ಹಳದಿಗೆ ತಿರುಗಿ ಪಾರದರ್ಶಕವಾಗಿ, ತಲೆ ಎತ್ತಿ ಆಡಿಸೋಕೆ ಶುರು ಮಾಡ್ತು ಅಂದರೆ ಹಣ್ಣಾಯ್ತು. ಆವತ್ತೇ ಆರಿಸಿ ಚಂದ್ರಂಕಿಗೆ ಬಿಡಬೇಕು. ತಡ ಆದರೆ ಸೊಪ್ಪಿನ ಕಸದಲ್ಲೇ ನೂಲು ಉಗುಳಿ ಹಾಳುಮಾಡುತ್ತೆ. 'ನಿಮ್ಮ ಕೋರಿಕೆಗೆ 48 ಗಂಟೆಯೊಳಗೆ ಉತ್ತರಿಸಲಾಗುವುದು' ಅನ್ನೋ ವೆಬ್‌ಸೈಟ್ ತಗೊಂಡು ಏನು ಮಾಡೋದು?

ಅಜ್ಜಿ ಇನ್ನೊಂದು ಮರ್ಮ ಹೇಳಿದರು. "ನಮ್ ಜೊತೇಲೇ ಚಾಕಿ ತಂದೋರ್ನ ಕೇಳೋ ಹಂಗಿಲ್ಲ ಕಣ್ಲಾ. ನಮ್ದು ಹಣ್ಣಾದ ದಿನವೇ ಅವರ್ದೂ ಹಣ್ಣಾಗ್ತದೆ. ಹತ್ ದಿನ ಹಿಂದೋ ಮುಂದೋ ಇರೋ ಮನೆ ನೋಡ್ಬೇಕು." ಹುಡುಗನ ಮುಖ ಅರಳಿತು. ಎರಡನೇ ಜ್ವರ ಎದ್ದ ಹುಳವನ್ನು, ಎಳೆ ಹುಳ ಸಾಕಿ ಕೊಡೋ ಚಾಕಿ ಕೇಂದ್ರದಿಂದ ತಂದರೆ, ಅಲ್ಲಿಂದ ಎರಡು ಎರಡೂವರೆ ವಾರಕ್ಕೆ ಹಣ್ಣು. ಚಾಕಿ ತಂದ ತಾರೀಕು ಒಂದು ಬರೆಸಿಕೊಂಡರೆ, ಯಾರ ಚಂದ್ರಂಕಿ ಯಾವತ್ತು ಬಿಡುವು ಅಂತ ಕಂಪ್ಯೂಟರೇ ಹೇಳುತ್ತೆ. ಸಾಮಾನಿನ ಪಟ್ಟಿಗಿಂತ ಕ್ಯಾಲೆಂಡರ್ ಮುಖ್ಯ ಅಂತ ನಾನು ಅಂದುಕೊಂಡಿದ್ದು ಆಗಲೇ.

"ತೊಳ್ದಿರೋದಾ ಅಂತ್ಲೂ ಕೇಳ್ಬೇಕು" ಅಂದರು ಅಜ್ಜಿ. ಸರಿಯಾದ ಮಾತು. ಹಾಲುತೊಂಡೆ, ಸುಣ್ಣಕಟ್ಟು ರೋಗ ಎರವಲು ಚಂದ್ರಂಕಿ ಜೊತೆ ಪುಕ್ಕಟೆ ಬರುತ್ತವೆ. ಅಂಟಿದ ನೂಲನ್ನು ಬೆಂಕಿ ತಾಗಿಸಿ ಸುಟ್ಟು, ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಬೇಕು. ಫೋಟೋ ಹಾಕಿಸ್ತೀನಿ ಅಂದ ಹುಡುಗ. "ಫೋಟೋದಾಗೆ ರೋಗ ಕಾಣ್ತದೇನ್ಲಾ?" ಕೊನೆಗೆ, ತೊಳೆದ ದಿನ ಯಾವುದು ಅಂತ ಒಂದು ಸಾಲು ಸೇರಿತು. ಹೋದ ಬೆಳೆ ಹೇಗಾಯ್ತು ಅಂತ ಕೇಳೋದು ಬೇಡ ಅಂದೆವು. ಗೂಡು ಮಾರ್ಕೆಟ್ಟಿಗೆ ಹೋಗದಿದ್ದರೆ ಬೀದಿಗೇ ಗೊತ್ತಾಗುತ್ತೆ.

ಹಳ್ಳಿಯವರಿಗೆ ಇದೆಲ್ಲ ಬರುತ್ತಾ ಅನ್ನೋ ಅನುಮಾನ ನನಗಿಲ್ಲ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಹರಾಜೇ ಮೊಬೈಲಿಗೆ ಬಂದಿದೆ. ಅಕ್ಷರ ದಪ್ಪ ಇರಲಿ, ಬರೆಯೋ ಬದಲು ಮಾತಾಡಿ ಕಳಿಸೋ ಹಾಗಿರಲಿ, ಸಾಕು. ಸ್ಟಾರ್ ಕೊಡೋದು ಮಾತ್ರ ತೆಗೆಸಿದೆ. ಷಡ್ಡಕನಿಗೆ ಎರಡು ಸ್ಟಾರ್ ಕೊಟ್ಟು, ಆಮೇಲೆ ಅವನ ಮಗಳ ಮದುವೇಲಿ ಯಾವ ಮುಖ ಇಟ್ಕೊಂಡು ಉಣ್ಣೋದು?

ನನ್ನ ಕೇಳಿದರೆ ಇಂಥ ತಾಣದ ನಿಜವಾದ ಪರೀಕ್ಷೆ ಕೊಡೋದರಲ್ಲಿಲ್ಲ, ವಾಪಸ್ ಕೇಳೋದರಲ್ಲಿದೆ. ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಅಂತ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳನ್ನು ತೆರೀತು. ಅಲ್ಲಿ ರೋಟವೇಟರ್ ತಂದರೆ ಬಾಡಿಗೆ ಓಡುತ್ತಿರುತ್ತೆ, ತಾನಾಗೇ ವಾಪಸ್ ಬಿಡ್ತೀವಿ. ಅಕ್ಕಪಕ್ಕದವರಲ್ಲಿ ಹಾಗಲ್ಲ. ಕೊಟ್ಟವರಿಗೇ ಸಂಕೋಚ. ಪಾತ್ರೆ ಮೇಲೆಲ್ಲ ಹೆಸರು ಕೆತ್ತಿಸಿರ್ತೀವಲ್ಲ, ಅದು ಬಾಯಿಬಿಟ್ಟು ಕೇಳೋದು ತಪ್ಪಲಿ ಅಂತ. ಅಜ್ಜಿಯ ಒಂದು ತಪ್ಪಲೆ ಗೃಹಪ್ರವೇಶಕ್ಕೆ ಅಂತ ಹೋಗಿ ಅಲ್ಲೇ ನಿಂತಿತ್ತು. ಹೇಗೆ ಕೇಳಿದಿರಿ ಅಂದೆ. "ಕೇಳ್ಲಿಲ್ಲ ಕಣಪ್ಪಾ. ಅವ್ರ್ ಮನೆ ಮುಂದ್ಲೇ ಹೋಗಿ, ಒಂದ್ ದೊಡ್ಡ ತಪ್ಪಲೆ ಬೇಕಾಗಿತ್ತು, ಯಾರತ್ರ ಸಿಕ್ತದವ್ವಾ ಅಂದೆ. ಸಂಜೆಗೇ ತಂದ್ಕೊಟ್ರು."

ಹುಡುಗ ಇಲ್ಲಿ ಕೆಂಪು ಅಕ್ಷರದಲ್ಲಿ 'ಅವಧಿ ಮೀರಿದೆ' ಅಂತ ಬರೆದು, ದಿನಕ್ಕೆ ಹತ್ತು ರೂಪಾಯಿ ದಂಡ ಹಾಕಿದ್ದ. ಹಾಗೆ ಮಾಡಿದರೆ ಊರಲ್ಲಿ ಇವನ ಮನೆಗೆ ಕುಂಕುಮದ ಕರೆಯೂ ಬರೋದಿಲ್ಲ. ಕೆಂಪು ತೆಗೆಸಿದೆ. ಗಡುವಿನ ಹಿಂದಿನ ದಿನವೇ ಒಂದು ಸಂದೇಶ, ಅದೂ ಕೊಟ್ಟವರ ಹೆಸರಲ್ಲಲ್ಲ, ತಾಣದ ಹೆಸರಲ್ಲಿ ಹೋಗಲಿ: ನಿಮ್ಮ ಕೆಲಸ ಮುಗಿದಿದ್ದರೆ ಕಳಿಸಿಕೊಡಿ, ಇಲ್ಲದಿದ್ದರೆ ಇನ್ನೆರಡು ದಿನ ಇರಲಿ ಅಂತ ಒತ್ತಿ. ಮುಖ ಇಲ್ಲದ್ದು ಕೇಳಿದರೆ ಯಾರ ಮುಖವೂ ಕೆಡೋದಿಲ್ಲ. ಮನುಷ್ಯರು ಮಾಡಲಾಗದ ಈ ಒಂದು ಕೆಲಸ ಮಾಡಿಕೊಟ್ಟರೆ ಸಾಕು, ಮಿಕ್ಕಿದ್ದಕ್ಕೆ ಬೇಲಿ ಇದೆ.

ಕೊನೆಯ ಪುಟದಲ್ಲಿ, ಪ್ರತಿ ಎರವಲಿಗೂ ತಾಣಕ್ಕೆ ಐದು ರೂಪಾಯಿ ಅಂತ ಸಣ್ಣಕ್ಷರದಲ್ಲಿತ್ತು. ಓದಿ ಹೇಳಿದೆ. "ಕೊಡೋಳು ನಾನು, ತಗೊಳ್ಳೋರು ಅವ್ರು, ನಡುವೆ ನಿಂಗ್ಯಾಕ್ಲಾ ಕಾಸು?" ಅಂದರು ಅಜ್ಜಿ. ಕಂಪ್ಯೂಟರ್ ಬಾಡಿಗೆ ಕಟ್ಟಬೇಕಲ್ಲಜ್ಜಿ ಅಂದ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದರು. "ಹಂಗಾರೆ ಬಾಡಿಗೆಗೆ ಹೋಗೋ ಚಂದ್ರಂಕಿಗೆ ಹಾಕ್ಕೋ, ಬ್ಯಾಡ ಅನ್ನಲ್ಲ. ಏಣಿಗೆ, ತಪ್ಪಲೆಗೆ ಹಾಕಿದ್ಯೋ, ನೋಡು!"

ಹುಡುಗ ಲ್ಯಾಪ್‌ಟಾಪ್ ಮಡಚದೆ ಅಲ್ಲೇ ನಿಂತು ಆ ಸಾಲು ತಿದ್ದಿದ. ಆ ಹೊತ್ತಿಗೆ ಬ್ಯಾಟರಿ ಮುಗೀತಾ ಬಂದಿತ್ತು, ಚಾರ್ಜರನ್ನ ಯಾರೋ ಗೆಳೆಯ ಈಸ್ಕೊಂಡು ಹೋಗಿದ್ದನಂತೆ.