ಹೂಕೋಸಿನ ಅನ್ನಕ್ಕೆ ಸಾರು ಸುರಿಯಬೇಡಿ

ನ್ಯೂಜೆರ್ಸಿಯ ಎಡಿಸನ್ ಆಗಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಆಗಲಿ, ಕನ್ನಡದ ಮನೆಯಲ್ಲಿ ಅನ್ನಕ್ಕೆ ಕುತ್ತು ಬರುವುದು ರಕ್ತಪರೀಕ್ಷೆಯ ವರದಿಯಿಂದ. ಅದರಲ್ಲಿ ಸಕ್ಕರೆಯ ಮಟ್ಟ ಹೇಳುವ ಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ ಅಲ್ಲಿಯವರೆಗೆ ಅದರ ಹೊಸ್ತಿಲು. ‘ನಾನೇನು ದಪ್ಪಗಿದ್ದೀನಾ?’ ಎಂದು ಯಜಮಾನರು ವಾದಿಸಿ ಪ್ರಯೋಜನವಿಲ್ಲ. ಉಳಿದವರಿಗೆ ಬಿಎಂಐ 25 ಆದಾಗ ಹೇಳುವ ತಪಾಸಣೆಯನ್ನು ಏಷ್ಯಾ ಮೂಲದವರಿಗೆ 23ಕ್ಕೇ ಮಾಡಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೇಳಿಬಿಟ್ಟಿದೆ. ಆ ಸಂಜೆಯೇ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಗ್ಯಾರೇಜಿಗೆ ಗಡೀಪಾರು. ತುರಿದ ಹೂಕೋಸಿನ ಪೊಟ್ಟಣಗಳಿಗೆ ಫ್ರೀಜರಿನಲ್ಲಿ ಗೃಹಪ್ರವೇಶ.

ನೂರು ಗ್ರಾಂ ಅನ್ನದಲ್ಲಿ ಕಾರ್ಬ್ ಸುಮಾರು 28 ಗ್ರಾಂ, ಹೂಕೋಸಿನಲ್ಲಿ 5. ಲೆಕ್ಕವೇನೋ ಚೆಂದ. ಆದರೆ ಅನ್ನ ಸಾರನ್ನು ಹೀರುತ್ತದೆ. ಹೂಕೋಸು ತನ್ನ ನೀರನ್ನೂ ಸಾರಿಗೆ ಬಿಡುತ್ತದೆ. ಅದಕ್ಕೆ ಒಗ್ಗುವುದು ಚಿತ್ರಾನ್ನ ಮಾತ್ರ. ಅಗಲ ಬಾಣಲೆ, ಜೋರು ಉರಿ, ಮುಚ್ಚಳ ಬೇಡ. ನೀರು ಆರಿದ ಮೇಲೆ ಒಗ್ಗರಣೆ, ಉಪ್ಪು ಕಟ್ಟಕಡೆಗೆ. ಇನ್ನು ಬಾದಾಮಿ ಹಿಟ್ಟಿನ ಒಬ್ಬಟ್ಟಿನ ಸಾಹಸಕ್ಕೆ ಕೈ ಹಾಕದಿರುವುದೇ ಲೇಸು. ಗ್ಲುಟನ್ ಇಲ್ಲದ ಕಣಕ ಹಿಗ್ಗುವುದಿಲ್ಲ, ಒಳಗಿನ ಬೆಲ್ಲವಂತೂ ಸಕ್ಕರೆಯ ಖಾಸಾ ತಮ್ಮ.

ಅಷ್ಟರಲ್ಲಿ ಹಾಸನದಿಂದ ಅಮ್ಮ ಬಂದಿಳಿಯುತ್ತಾರೆ. ‘ಅನ್ನ ಬೇಡ ಅಂದ್ರೆ ಬಿಡೋ, ಮುದ್ದೆ ಕಟ್ತೀನಿ. ರಾಗಿ ಶುಗರ್‌ಗೆ ಒಳ್ಳೇದು ಕಣೋ.’ ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚೆಂಬುದು ನಿಜ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಕಾರ್ಬ್ ಎಪ್ಪತ್ತು ಗ್ರಾಂ ಆಸುಪಾಸು. ದಿನಕ್ಕೆ 50 ಗ್ರಾಂ ಮೀರಬಾರದೆಂಬ ಕೀಟೋ ವ್ರತದವರು ಒಂದು ದಪ್ಪ ಮುದ್ದೆ ನುಂಗಿದರೆ ವ್ರತ ಅಲ್ಲಿಗೇ ಉದ್ಯಾಪನೆ. ಅಮ್ಮನಿಗೆ ಇದನ್ನು ವಿವರಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವ ಉಪಾಯ ಬಾಳೆ ಎಲೆಯ ಮೇಲೆಯೇ ಇದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಹನ್ನೊಂದು ಮಂದಿಯ ಮೇಲೊಂದು ಪುಟ್ಟ ಪರೀಕ್ಷೆ ಮಾಡಿದರು. ಅದೇ ಊಟದಲ್ಲಿ ತರಕಾರಿ, ಪ್ರೊಟೀನ್ ಮೊದಲು ತಿಂದು ಬ್ರೆಡ್ಡು, ಜ್ಯೂಸು ಕೊನೆಗೆ ತೆಗೆದುಕೊಂಡ ದಿನ ರಕ್ತದ ಸಕ್ಕರೆ ಬಹಳ ಕಡಿಮೆ ಏರಿತು. ಕನ್ನಡಿಗರ ಎಲೆಗೆ ಅನ್ನಕ್ಕಿಂತ ಮುಂಚೆ ಬೀಳುವುದು ಕೋಸಂಬರಿ, ಪಲ್ಯಗಳೇ. ತೊಂದರೆಯೆಂದರೆ, ಅನ್ನ, ತುಪ್ಪ ಬರುವವರೆಗೆ ಯಾರೂ ಕೈ ಹಾಕುವುದಿಲ್ಲ. ಮನೆಯಲ್ಲಾದರೂ ಈ ಶಿಸ್ತು ಮುರಿದು ಹುರುಳಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ ಖಾಲಿ ಮಾಡಿ, ಆಮೇಲೆ ಅನ್ನದ ಕಡೆ ನೋಡಿದರೆ ಎರಡನೇ ಸಲ ಬಡಿಸಿಕೊಳ್ಳಲು ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಅನ್ನ ಕಡಿಯಬಾರದು. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಕನ್ನಡ ಕೂಟದ ಯುಗಾದಿ ಪಾಟ್‌ಲಕ್ ಬೇರೆಯೇ ಪರೀಕ್ಷೆ. ಪುಳಿಯೋಗರೆ, ಮಾವಿನಕಾಯಿ ಚಿತ್ರಾನ್ನ, ಬಿಸಿಬೇಳೆಬಾತ್, ಮೊಸರನ್ನ: ಅನ್ನದ ದಶಾವತಾರ. ಅಲ್ಲಿಗೆ ದೊಡ್ಡ ಪಾತ್ರೆ ತುಂಬ ಪಲ್ಯವನ್ನು ತಾವೇ ಒಯ್ಯುವುದು ಜಾಣತನ. ‘ಡಯಟ್’ ಎಂದು ಬಾಯಿ ಬಿಟ್ಟರೆ ‘ಇವತ್ತೊಂದಿನ ಏನಾಗಲ್ಲ’ ಎಂದು ಇನ್ನೊಂದು ಸೌಟು ಬೀಳುತ್ತದೆ. ತಟ್ಟೆಯಲ್ಲಿ ಸದಾ ಪಲ್ಯ ಉಳಿಸಿಕೊಂಡಿದ್ದರೆ ಸೌಟಿಗೆ ಜಾಗ ಸಿಗುವುದಿಲ್ಲ.

2024ರಿಂದ ಅಮೆರಿಕದಲ್ಲಿ ಇನ್ಸುಲಿನ್ ತೆಗೆದುಕೊಳ್ಳದವರು ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಹುದಾದ ಗ್ಲುಕೋಸ್ ಸೆನ್ಸರುಗಳೂ ಬಂದಿವೆ. ತೋಳಿಗೆ ಅಂಟಿಸಿಕೊಂಡರೆ ಫೋನಿನಲ್ಲಿ ಗೆರೆ ಮೂಡುತ್ತದೆ. ಮಗ ಮುದ್ದೆ ಉಂಡ ಮೇಲೆ ಆ ಗೆರೆ ನಂದಿಬೆಟ್ಟ ಹತ್ತಿದ್ದನ್ನು ಅಮ್ಮನಿಗೆ ತೋರಿಸಿದರೆ, ಅವರು ಕನ್ನಡಕ ಏರಿಸಿ ನೋಡಿ ತೀರ್ಪು ಕೊಡುತ್ತಾರೆ: ‘ಅಮೆರಿಕದ ಮೆಷೀನು ತಾನೇ? ಅದಕ್ಕೆಲ್ಲಿ ರಾಗಿ ಗೊತ್ತು!’